ಹೆಸರಿಲ್ಲದ ಪೊಟ್ಟಣ, ಗೊತ್ತಿಲ್ಲದ ಗುಳಿಗೆ

ಮಳೆಗಾಲ ಹಿಡಿಯಿತೆಂದರೆ ದಾವಣಗೆರೆ ಬಸ್ ಸ್ಟ್ಯಾಂಡಿನ ಆಸುಪಾಸು ಸೀನು, ಕೆಮ್ಮುಗಳದೇ ಸದ್ದು. ಹರಿಹರದ ಬಸ್ಸಿನಲ್ಲಿ ಒಬ್ಬ ಸೀನಿದರೆ ಎರಡು ದಿನದಲ್ಲಿ ಆ ಸೀಟಿನ ಮೂವರಿಗೂ ನೆಗಡಿ. ಡಾಕ್ಟರ ಬಳಿ ಕಾಯುತ್ತಾ ಕೂತರೆ ಅರ್ಧ ದಿನದ ವ್ಯಾಪಾರ ಹೋಯಿತು! ಹಾಗಾಗಿ ನೇರ ಮೆಡಿಕಲ್ ಶಾಪಿಗೆ. "ಅಣ್ಣಾರೆ, ಜ್ವರ ಬಂದಂಗಾಗೈತೆ, ಮೈ-ಕೈ ನೋವು. ಒಂದು ಡೋಸ್ ಕೊಡ್ರಿ."

ಡೋಸ್ ಎಂದರೆ ಪೊಟ್ಟಣದಲ್ಲಿ ಕಟ್ಟಿಕೊಡುವ ಮೂರ್ನಾಲ್ಕು ಬಿಡಿ ಗುಳಿಗೆ. ಹೆಸರಿಲ್ಲ, ಬಿಲ್ಲೂ ಇಲ್ಲ. ಅದರಲ್ಲಿ ಪ್ಯಾರಾಸಿಟಮಾಲ್ ಇದ್ದರೆ ಚಿಂತೆಯಿಲ್ಲ, ಅಳತೆ ಮೀರದಿದ್ದರಾಯಿತು. ಆದರೆ ಎಷ್ಟೋ ಊರುಗಳಲ್ಲಿ ಇಂಥ ಪೊಟ್ಟಣದೊಳಗೆ ಸಣ್ಣದೊಂದು ಸ್ಟೀರಾಯ್ಡ್ ಗುಳಿಗೆಯೂ ಸೇರಿಕೊಳ್ಳುತ್ತದೆ. ಡಾಕ್ಟರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ನುಂಗಿದವನಿಗೆ ಮಾತ್ರ ಸಂಜೆಗೇ ಹಗುರ. "ಆ ಅಂಗಡಿಯವನ ಕೈಗುಣ ಚಲೋ ಐತೆ ಕಣ್ರೀ" ಎಂಬ ಹೊಗಳಿಕೆ ಬೇರೆ!

ಕೈಗುಣವೂ ಅಲ್ಲ, ಮಣ್ಣೂ ಅಲ್ಲ. ವೈರಸ್ ಹೊಕ್ಕಾಗ ಅದನ್ನು ಹೊರಹಾಕಲು ದೇಹ ನಡೆಸುವ ಹೋರಾಟವೇ ಜ್ವರ, ಊತ, ನೋವು. ಸ್ಟೀರಾಯ್ಡ್ ಆ ಹೋರಾಟವನ್ನೇ ತಣ್ಣಗೆ ಮಾಡುತ್ತದೆ. ವೈರಸ್ಸು ಇದ್ದಲ್ಲೇ ಇರುತ್ತದೆ.

ಹಾಗೆಂದು ಸ್ಟೀರಾಯ್ಡ್ ವಿಷವೇನಲ್ಲ. 2020ರಲ್ಲಿ ಬ್ರಿಟನ್ನಿನ 'ರಿಕವರಿ' ಪರೀಕ್ಷೆಯಲ್ಲಿ ಆಸ್ಪತ್ರೆ ಸೇರಿದ್ದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಕೊಟ್ಟರು, ದಿನಕ್ಕೆ 6 ಮಿಲಿಗ್ರಾಂ. ವೆಂಟಿಲೇಟರ್ ಮೇಲಿದ್ದವರಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರು ನೂರಕ್ಕೆ 41 ಮಂದಿ ತೀರಿಕೊಂಡರೆ, ಈ ಔಷಧ ಪಡೆದವರಲ್ಲಿ 29. ಆಕ್ಸಿಜನ್ ಮೇಲಿದ್ದವರಿಗೂ ಉಪಯೋಗವಾಯಿತು. ಆಕ್ಸಿಜನ್ ಬೇಡವಾಗಿದ್ದವರಿಗೆ? ಏನೂ ಲಾಭವಿಲ್ಲ! ರೋಗ ಬಲಿತಾಗ ದೇಹದ ಹೋರಾಟವೇ ಶ್ವಾಸಕೋಶವನ್ನು ಹಾಳುಗೆಡವುತ್ತದೆ, ಆಗ ಕಡಿವಾಣ ಬೇಕು. ಮೊದಲ ದಿನಗಳಲ್ಲಿ ಬೇಡ.

ಸಕ್ಕರೆ ಕಾಯಿಲೆಯವರ ಪಾಡು ಇನ್ನೂ ಕಷ್ಟ. ಸ್ಟೀರಾಯ್ಡ್ ರಕ್ತದ ಸಕ್ಕರೆ ಏರಿಸುತ್ತದೆ. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂದು ಕಣ್ಣು ಕಳಕೊಂಡವರಲ್ಲಿ ಬಹಳಷ್ಟು ಮಂದಿ ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಪಡೆದವರು. ದಿನವಿಡೀ ಗಲ್ಲಾ ಮೇಲೆ ಕೂರುವ ವರ್ತಕರಲ್ಲಿ 'ಶುಗರ್' ಇಲ್ಲದವರೆಷ್ಟು ಮಂದಿ?

ಇನ್ನು ಐಬುಪ್ರೊಫೇನ್. 2020ರ ಮಾರ್ಚ್‌ನಲ್ಲಿ ಫ್ರಾನ್ಸಿನ ಆರೋಗ್ಯ ಮಂತ್ರಿ ಕೋವಿಡ್‌ಗೆ ಅದು ಬೇಡವೆಂದು ಎಚ್ಚರಿಸಿದಾಗ ಜಗತ್ತೇ ಬೆಚ್ಚಿತ್ತು. ವಾರದೊಳಗೆ ವಿಶ್ವ ಆರೋಗ್ಯ ಸಂಸ್ಥೆ, ಬಿಡಬೇಕೆಂದು ಹೇಳುವುದಿಲ್ಲ ಎಂದಿತು. ನಮ್ಮಲ್ಲಿ ಭಯವಿರುವುದು ಬೇರೆ ಕಡೆ. ಮೊದಲೆರಡು ದಿನ ಡೆಂಗೆಯೂ ಫ್ಲೂ ಜ್ವರದಂತೆಯೇ ಕಾಣುತ್ತದೆ. ಡೆಂಗೆ ಇದ್ದಾಗ ಐಬುಪ್ರೊಫೇನ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ. ಫ್ಲೂ ಬಂದ ಮಕ್ಕಳಿಗಂತೂ ಆಸ್ಪಿರಿನ್ ಕೊಡಲೇಬಾರದು, ಮೆದುಳು, ಯಕೃತ್ತಿಗೆ ಕುತ್ತು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡದಂತೆ ಸರಕಾರ 2011ರಲ್ಲೇ ನಿಷೇಧಿಸಿದೆ.

ವಿಟಮಿನ್ ಸಿ ಚೀಪುವವರಿಗೊಂದು ಮಾತು. ದಿನಾ ತಿಂದವರ ನೆಗಡಿ ನೂರಕ್ಕೆ ಎಂಟರಷ್ಟು ಬೇಗ ಮುಗಿಯಿತೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಅಂದರೆ ಆರು ದಿನದ ನೆಗಡಿಯಲ್ಲಿ ಅರ್ಧ ದಿನ ಉಳಿತಾಯ! ಮೂಗು ಸೋರಲು ಶುರುವಾದ ಮೇಲೆ ತಿಂದರೆ ಅದೂ ಗ್ಯಾರಂಟಿಯಿಲ್ಲ.

ಉಸಿರು ಕಟ್ಟಿ ಆಸ್ಪತ್ರೆಗೆ ಬಂದವರನ್ನು ಡಾಕ್ಟರು ಮೊದಲು ಕೇಳುವುದು, ಏನು ಗುಳಿಗೆ ತಗೊಂಡ್ರಿ ಎಂದು. "ಒಂದು ಬಿಳೇದು, ಒಂದು ಕೆಂಪಂದು" ಎಂದರೆ ಅವರೇನು ಮಾಡಬೇಕು? ಪಟ್ಟಿ ಸಮೇತ ಕೊಡಿ, ಬಿಲ್ ಹಾಕಿ ಎಂದು ಕೇಳುವುದಕ್ಕೆ ಗಿರಾಕಿಗೆ ಹಕ್ಕಿದೆ.