ಮಿದುಳಿನ ಚಿತ್ರವೂ ಆಟಿಸಂ ನಿರ್ಣಯವೂ

ಮಗುವಿಗೆ ಮೂರು ವರ್ಷ ತುಂಬಿದರೂ ಮಾತು ಬಾರದಿದ್ದಾಗ, ಹೆಸರು ಹಿಡಿದು ಕರೆದರೂ ಅದು ತಿರುಗಿ ನೋಡದಿದ್ದಾಗ, ನಮ್ಮ ಸೇಡಂ–ಮುಧೋಳ ಸೀಮೆಯ ತಂದೆತಾಯಿಗಳಿಗೆ ಸುತ್ತಲಿನವರು ಕೊಡುವ ಉಪದೇಶ ‘ತಲಿ ಸ್ಕ್ಯಾನಿಂಗ್ ಮಾಡಸ್ರಿ, ಎಲ್ಲಾ ಗೊತ್ತಾಗ್ತದ’ ಎಂಬುದು. ತೊಗರಿ ಮಾರಿದ ಹಣವನ್ನೋ ಕಲ್ಲುಗಣಿಯ ಕೂಲಿಯನ್ನೋ ಒಟ್ಟುಗೂಡಿಸಿ, ಕಲಬುರಗಿಗೋ ಹೈದರಾಬಾದಿಗೋ ಹೋಗಿ, ಎಳೆಯ ಕೂಸಿಗೆ ಮತ್ತಿನ ಔಷಧ ಕೊಡಿಸಿ ಎಂ.ಆರ್.ಐ. ತೆಗೆಸಿ, ‘ರಿಪೋರ್ಟ್ ನಾರ್ಮಲ್ ಬಂದದ’ ಎಂದು ನಿಶ್ಚಿಂತರಾಗಿ ಮರಳುವವರನ್ನು ಕಂಡಾಗಲೆಲ್ಲ ನನಗೆ ವ್ಯಥೆಯೂ ರೋಷವೂ ಒಟ್ಟಿಗೆ ಉಂಟಾಗುತ್ತವೆ. ಏಕೆಂದರೆ ಮಗುವಿನ ಶಿಕ್ಷಣಕ್ಕೆ ಅತ್ಯಮೂಲ್ಯವಾದ ವರ್ಷಗಳನ್ನು ನುಂಗುವುದು ಆ ನಿಶ್ಚಿಂತೆಯೇ.

ಆಟಿಸಂ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದೆಂಬುದು ನಿಜ. ಹಾಗೆಂದು ಮಿದುಳಿನ ಚಿತ್ರದಲ್ಲಿ ಅದು ಕಂಡೇ ತೀರಬೇಕೆಂಬುದು ನಿಜವಲ್ಲ. 1988ರಲ್ಲಿ ಅಮೆರಿಕದ ಎರಿಕ್ ಕೋರ್ಶೇನ್ ಮತ್ತು ಸಂಗಡಿಗರು ಕಿರುಮಿದುಳಿನ ನಡುಭಾಗದ ಕೆಲವು ಮಡಿಕೆಗಳು ಆಟಿಸಂ ಉಳ್ಳವರಲ್ಲಿ ಕುಗ್ಗಿವೆಯೆಂದು ಪ್ರಕಟಿಸಿದರು. ಅನ್ಯರು ಅಳೆದಾಗ ಆ ಫಲಿತಾಂಶ ಸ್ಥಿರವಾಗಿ ನಿಲ್ಲಲಿಲ್ಲ. 2018ರಲ್ಲಿ ಅನೇಕ ದೇಶಗಳ ಸಂಶೋಧಕರು ಆಟಿಸಂ ಉಳ್ಳ 1,571 ಜನರ ಚಿತ್ರಗಳನ್ನು ಇತರ 1,651 ಜನರ ಚಿತ್ರಗಳೊಡನೆ ಹೋಲಿಸಿ, ಮಿದುಳಿನ ಮುಂಭಾಗದ ಹೊರಪದರ ಸರಾಸರಿಯಲ್ಲಿ ತುಸು ದಪ್ಪವೆಂದೂ, ಕಣತಲೆಯ ಬಳಿಯ ಭಾಗದಲ್ಲಿ ತುಸು ತೆಳುವೆಂದೂ, ಮಿದುಳಿನ ಒಳಗಿನ ಕೆಲವು ಭಾಗಗಳು ಕಿಂಚಿತ್ ಚಿಕ್ಕವೆಂದೂ ಕಂಡುಕೊಂಡರು. ಎರಡು ಹೊಲಗಳ ತೊಗರಿಕಾಳಿನ ಸರಾಸರಿ ತೂಕದಲ್ಲಿ ಅತ್ಯಲ್ಪ ಭೇದವಿದ್ದರೆ, ಕೈಗೆ ಬಂದ ಒಂದು ಕಾಳು ಯಾವ ಹೊಲದ್ದೆಂದು ಹೇಳಲಾದೀತೆ? ಈ ಭೇದವೂ ಅಂತಹುದೇ. ಮೇಲಾಗಿ, ಯಂತ್ರದೊಳಗೆ ಮಗು ಸ್ವಲ್ಪ ಅಲುಗಿದರೂ ಆ ಪದರ ಇದ್ದುದಕ್ಕಿಂತ ತೆಳುವಾಗಿ ತೋರುವುದುಂಟು.

2017ರಲ್ಲಿ ಪ್ರಕಟವಾದ ಮತ್ತೊಂದು ಸಂಶೋಧನೆ, 6 ಮತ್ತು 12 ತಿಂಗಳ ವಯಸ್ಸಿನಲ್ಲಿ ತೆಗೆದ ಚಿತ್ರಗಳಿಂದ ಮುಂದೆ ಯಾವ ಮಗುವಿಗೆ ಆಟಿಸಂ ಬರಬಹುದೆಂದು ಬಹುಮಟ್ಟಿಗೆ ಊಹಿಸಿತು. ಆದರೆ ಆ ಮಕ್ಕಳೆಲ್ಲ ಆಟಿಸಂ ಉಳ್ಳ ಅಣ್ಣನನ್ನೋ ಅಕ್ಕನನ್ನೋ ಪಡೆದವರು. ಊಹಿಸಿದ್ದು ಗಣಕಯಂತ್ರದ ಸೂಕ್ಷ್ಮ ಲೆಕ್ಕ. ನಮ್ಮ ಕೈಗೆ ಬರುವ ವರದಿಯಲ್ಲಿ ವೈದ್ಯರು ನೋಡುವುದು ಗಡ್ಡೆ, ರಕ್ತಸ್ರಾವ, ಜನ್ಮಜಾತ ವಿಕೃತಿ ಇಂಥವನ್ನು. ಅವಿಲ್ಲವೆಂಬುದಕ್ಕೆ ‘ನಾರ್ಮಲ್’ ಎಂಬ ಬರಹವೇ ಹೊರತು ಆಟಿಸಂ ಇಲ್ಲವೆಂಬುದಕ್ಕಲ್ಲ. ಫಿಟ್ಸ್ ಇದ್ದರೆ, ತಲೆಯ ಗಾತ್ರ ಅಸಹಜವಾಗಿದ್ದರೆ, ನರದೋಷದ ಬೇರೆ ಲಕ್ಷಣ ಕಂಡರೆ ಸ್ಕ್ಯಾನ್ ಅಗತ್ಯವೆಂದು ವೈದ್ಯರೇ ಹೇಳುವರು.

ಆಟಿಸಂ ನಿರ್ಣಯವಾಗುವುದು ಮಗುವಿನ ನಡವಳಿಕೆಯನ್ನು ಬಲ್ಲವರು ಕೂಲಂಕಷವಾಗಿ ನೋಡಿ, ತಾಯಿಯನ್ನು ವಿವರವಾಗಿ ಕೇಳಿದ ಮೇಲೆ. ನಮ್ಮ ದೇಶದ ಅಳತೆಗೋಲಾದ ‘ಇಸಾ’ದಲ್ಲಿರುವ 40 ಅಂಶಗಳೂ ಕಣ್ಣಿನ ನೋಟ, ಮಾತು, ಆಟ, ಒಡನಾಟ ಮೊದಲಾದವನ್ನು ಕುರಿತವೇ; ಯಂತ್ರದ ಚಿತ್ರವನ್ನು ಅದು ಕೇಳುವುದಿಲ್ಲ.

ಉಳಿದ ಭ್ರಮೆಗಳಿಗೆ ಒಂದೊಂದು ಮಾತು ಸಾಕು. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಂಬ ವಾದ ಬಿದ್ದುಹೋಗಿ ದಶಕಗಳೇ ಕಳೆದಿವೆ. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ 1998ರ ಲೇಖನ ಕೇವಲ 12 ಮಕ್ಕಳನ್ನು ಕುರಿತದ್ದು, ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಡೆನ್ಮಾರ್ಕಿನ 5,37,303 ಮಕ್ಕಳ ಅಧ್ಯಯನ 2002ರಲ್ಲೇ ಆ ಸಂಶಯವನ್ನು ನಿರಾಕರಿಸಿತ್ತು. ಹಿರಿಯರ ಪಾಪ, ಗ್ರಹಚಾರಗಳ ಮಾತು ಉತ್ತರಕ್ಕೂ ಅರ್ಹವಲ್ಲ.

ತಾಯತವನ್ನು ಮೌಢ್ಯವೆನ್ನುವ ನಾವು, ಯಂತ್ರದಿಂದ ಬಂದ ಕಪ್ಪು ಹಾಳೆಯನ್ನು ಪ್ರಶ್ನಿಸದೆ ಕಣ್ಣಿಗೊತ್ತಿಕೊಳ್ಳುವುದೂ ಮೌಢ್ಯವೇ. ಏನನ್ನು ಅಳೆಯಲಾಯಿತು, ಅದರಿಂದ ಏನು ತಿಳಿಯಿತು ಎಂದು ಕೇಳದೆ ನಂಬುವುದು ವಿಜ್ಞಾನಕ್ಕೆ ಸಲ್ಲಿಸುವ ಗೌರವವಲ್ಲ.

ಆದುದರಿಂದ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗುವಿನ ಮಾತಿನಲ್ಲೋ ಒಡನಾಟದಲ್ಲೋ ಶಂಕೆ ಮೂಡಿದ ಕೂಡಲೇ ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು ಬೆಳವಣಿಗೆಯ ಪರೀಕ್ಷೆ ಮಾಡಿಸಿರಿ, ಸ್ಕ್ಯಾನಿಗೆಂದು ಕೂಡಿಸಿದ ಹಣವನ್ನು ಮಾತಿನ ತರಬೇತಿಗೆ ಮೀಸಲಿಡಿರಿ.