ಅಯಸ್ಕಾಂತವಿಲ್ಲದ ಮೋಟಾರು

ಬಾವಿಯಿಂದ ನೀರೆತ್ತುವ ವಿದ್ಯುತ್ ಪಂಪನ್ನು ಕಾಣದ ಹಳ್ಳಿಯು ಇಂದು ನಮ್ಮಲ್ಲಿ ಅಪರೂಪ. ಆ ಪಂಪಿನ ಮೋಟಾರಿನಲ್ಲಿ ಸಾಮಾನ್ಯವಾಗಿ ಅಯಸ್ಕಾಂತವೇ ಇರುವುದಿಲ್ಲವೆಂಬುದನ್ನು ಬಲ್ಲವರು ಕೆಲವರೇ. ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ಹರಿಯುವ ವಿದ್ಯುತ್ತು ನಡುವಣ ಉರುಳೆಯಲ್ಲಿಯೂ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ತಿರುಗಿಸುತ್ತದೆ. ನಿಕೋಲ ಟೆಸ್ಲ ಮಹಾಶಯನು 1888ರಲ್ಲಿ ಪೇಟೆಂಟು ಪಡೆದ ತತ್ತ್ವವಿದು.

ಈಗಿನ ವಿದ್ಯುತ್ ಸ್ಕೂಟರು, ಕಾರುಗಳ ಪೈಕಿ ಬಹುಪಾಲಿನವು ಬೇರೊಂದು ಬಗೆಯ ಮೋಟಾರನ್ನು ನಂಬಿರುತ್ತವೆ. ಅದರ ಉರುಳೆಯಲ್ಲಿ ನಿಯೋಡಿಮಿಯಮ್, ಕಬ್ಬಿಣ, ಬೋರಾನ್‌ಗಳಿಂದಾದ ಪ್ರಬಲ ಅಯಸ್ಕಾಂತವಿರುತ್ತದೆ. ಆದುದರಿಂದ ಉರುಳೆಗೆಂದು ವಿದ್ಯುತ್ತನ್ನು ವ್ಯಯಿಸಬೇಕಾದುದಿಲ್ಲ. ಮೋಟಾರು ಚಿಕ್ಕದು, ಹಗುರ. ಅದೇ ಬ್ಯಾಟರಿಯಲ್ಲಿ ವಾಹನವು ಹೆಚ್ಚು ದೂರ ಸಾಗುತ್ತದೆ. 2012ರ ಮಾಡೆಲ್ ಎಸ್ ಕಾರಿಗೆ ಅಯಸ್ಕಾಂತವಿಲ್ಲದ ಮೋಟಾರನ್ನಿಟ್ಟ ಅಮೆರಿಕೆಯ ಟೆಸ್ಲ ಕಂಪೆನಿಯೇ 2017ರ ಮಾಡೆಲ್ 3ಕ್ಕೆ ಅಯಸ್ಕಾಂತವನ್ನು ಆರಿಸಿಕೊಂಡಿತು. ಈ ಗುಣವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಇದಕ್ಕೆ ತೆರುವ ಬೆಲೆಯು ರೂಪಾಯಿಗಳಲ್ಲಿ ಮಾತ್ರ ಮುಗಿಯುವುದಿಲ್ಲ. ಕಾವಿಗೆ ಅಯಸ್ಕಾಂತವು ಬಲಗುಂದದಂತೆ ಡಿಸ್ಪ್ರೋಸಿಯಮ್, ಟರ್ಬಿಯಮ್ ಎಂಬ ವಿರಳ ಧಾತುಗಳನ್ನು ಬೆರೆಸಬೇಕು. ಇಂತಹ ಅಯಸ್ಕಾಂತಗಳ ತಯಾರಿಕೆಯಲ್ಲಿ ನೂರಕ್ಕೆ ಸುಮಾರು 90 ಪಾಲು ಚೀನದ ಕೈಯಲ್ಲಿದೆ. 2025ರ ಏಪ್ರಿಲಿನಲ್ಲಿ ಆ ಸರ್ಕಾರವು ಏಳು ಧಾತುಗಳಿಗೂ ಅವುಗಳನ್ನು ಬೆರೆಸಿದ ಅಯಸ್ಕಾಂತಗಳಿಗೂ ರಫ್ತು ಪರವಾನಗಿಯನ್ನು ವಿಧಿಸಲು, ನಮ್ಮ ವಾಹನ ತಯಾರಕರು ಕಳವಳಗೊಂಡರು. ಕೇರಳ, ತಮಿಳುನಾಡುಗಳ ಕಡಲತೀರದ ಮೊನಜೈಟ್ ಮರಳಿನಲ್ಲಿ ನಮಗೂ ನಿಯೋಡಿಮಿಯಮ್ ಉಂಟು. ಅದನ್ನು ಅಯಸ್ಕಾಂತವಾಗಿಸುವ ಕೈಗಾರಿಕೆಯನ್ನು ಮಾತ್ರ ನಾವು ಬೆಳೆಸಲಿಲ್ಲ. ಇದಕ್ಕಾಗಿ 2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು 7,280 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತುದು ಸ್ತುತ್ಯವೇ ಸರಿ. ತಡವಾಯಿತೆಂಬುದೂ ಅಷ್ಟೇ ಸರಿ.

ಇನ್ನೊಂದು ದಾರಿಯೂ ತೆರೆದಿದೆ. ಫ್ರಾನ್ಸಿನ ರೆನೊ, ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಗಳು ಉರುಳೆಗೆ ತಾಮ್ರದ ತಂತಿಯನ್ನೇ ಸುತ್ತಿ, ವಿದ್ಯುತ್ತಿನಿಂದ ಅದನ್ನು ಅಯಸ್ಕಾಂತವಾಗಿಸುವ ಮೋಟಾರುಗಳನ್ನು ಕಾರುಗಳಲ್ಲಿ ಓಡಿಸಿ ತೋರಿಸಿವೆ. ಅವುಗಳ ಭಾರ ತುಸು ಹೆಚ್ಚು, ಉರುಳೆಯ ಕಾವನ್ನು ಹೊರಹಾಕುವ ಶ್ರಮವೂ ಹೆಚ್ಚು. ಆದರೆ ವೇಗವೇರಿದಾಗ ಕಾಂತಬಲವನ್ನು ಬೇಕಾದಷ್ಟು ತಗ್ಗಿಸಬಹುದು. ಶಾಶ್ವತ ಅಯಸ್ಕಾಂತದಲ್ಲಿ ಈ ಸೌಕರ್ಯವಿಲ್ಲ.

ಹಾಗಾದರೆ ನಾವು ಹಿಡಿಯತಕ್ಕ ಮಾರ್ಗವಾವುದು? ಸ್ಥಳವೂ ಭಾರವೂ ಮುಖ್ಯವಾದ ಸ್ಕೂಟರಿನಂತಹ ವಾಹನಗಳಿಗೆ ಅಯಸ್ಕಾಂತವಿರಲಿ. ಬಸ್ಸು, ಲಾರಿ, ಕಾರ್ಖಾನೆ, ಪಂಪುಗಳಿಗೆ ಕಬ್ಬಿಣ, ತಾಮ್ರಗಳ ಮೋಟಾರನ್ನೇ ಸುಧಾರಿಸೋಣ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳು ಈ ಕೆಲಸವನ್ನು ಇಂದೇ ಕೈಗೊಳ್ಳಲಿ. ಪರರು ಬಾಗಿಲು ಮುಚ್ಚಿದ ದಿನ ವಿದ್ಯೆಯನ್ನು ಹುಡುಕಹೊರಟರೆ ಫಲವೇನು?