ಕೆರೆಯಲ್ಲಿ ಮುಳುಗಿಸಿದ ಮರ: ಮೀನಿಗೆ ಆಶ್ರಯವೋ, ಬಲೆಯೋ?

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯು ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾಗಿರುವುದು ಅಲ್ಲಿಯ ಹೊಯ್ಸಳ ದೇವಾಲಯಗಳಿಂದ. ೧೨೩೫ರ ಸುಮಾರಿನ ಲಕ್ಷ್ಮೀನರಸಿಂಹ ದೇವಾಲಯವನ್ನೂ ಸೋಮೇಶ್ವರ ದೇವಾಲಯವನ್ನೂ ನೋಡಿ ಹಿಂದಿರುಗುವವರು ಆ ಸೀಮೆಯ ಬಾಳಿಗೆ ಕಲ್ಲಿಗಿಂತಲೂ ನೀರೇ ಮೊದಲ ಆಧಾರವೆಂಬುದನ್ನು ಮರೆಯುವುದುಂಟು. ಅರಸೀಕೆರೆಯ ಹೆಸರಿನಲ್ಲಿಯೇ ಕೆರೆ ಇದೆ. ಹಳೇಬೀಡಿನ ಹಿಂದಿನ ಹೆಸರಾದ ದೋರಸಮುದ್ರವು ಅಲ್ಲಿಯ ಹಿರಿಯ ಕೆರೆಯನ್ನು ನೆನಪಿಗೆ ತರುತ್ತದೆ. ಹಾರನಹಳ್ಳಿಯ ಮಠದ ಹೆಸರಿನಲ್ಲಿರುವ ‘ಕೋಡಿ’ ಎಂಬ ಮಾತೂ ಕೆರೆಗೆ ಸಂಬಂಧಿಸಿದುದೇ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹರಿಯುವ ದಾರಿಗೆ ಕೋಡಿಯೆಂದು ಹೆಸರು. ಇಂಥ ಮಳೆಯಾಶ್ರಿತ ಕೆರೆಗಳಲ್ಲಿ ಮೀನಿನ ಇಳುವರಿಯನ್ನು ಹೆಚ್ಚಿಸಲು ಸೂಚಿತವಾಗುವ ಉಪಾಯಗಳಲ್ಲಿ ಕಡಿದ ಮರದ ಕೊಂಬೆಗಳನ್ನು ನೀರಿನಲ್ಲಿ ಮುಳುಗಿಸಿಡುವುದೂ ಒಂದು. ಈ ಉಪಾಯದ ಗುಣದೋಷಗಳನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಉಪಾಯವು ಹೊಸದಲ್ಲ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ಕಾರ್ಲ್ ಹಬ್ಸ್ ಮತ್ತು ಎಷ್ಮೆಯರ್ ಎಂಬ ವಿದ್ವಾಂಸರು ಸರೋವರಗಳಲ್ಲಿ ಕೊಂಬೆಯ ಹೊರೆಗಳನ್ನು ಇಳಿಸುವ ವಿಧಾನವನ್ನು ೧೯೩೮ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಅದಕ್ಕೂ ಬಹು ಹಿಂದಿನಿಂದ ಪಶ್ಚಿಮ ಆಫ್ರಿಕದಲ್ಲಿಯೂ ಬಂಗಾಳ, ಅಸ್ಸಾಂ, ಸಿಂಹಳ ಮುಂತಾದೆಡೆಗಳಲ್ಲಿಯೂ ಮೀನುಗಾರರು ಇದನ್ನು ಅನುಭವದಿಂದಲೇ ಬಲ್ಲವರಾಗಿದ್ದರು. ಕೊಂಬೆಯಿದ್ದಲ್ಲಿ ಮೀನು ಸೇರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮೀನು ಸೇರುವುದು ಬೇರೆ, ಮೀನು ಹೆಚ್ಚುವುದು ಬೇರೆ. ಈ ಎರಡನ್ನು ಒಂದೆಂದು ಭಾವಿಸಿದುದರಿಂದ ಅನೇಕ ಕಡೆ ಕೆಡುಕಾಗಿದೆ. ಆದುದರಿಂದ ಮೊದಲು ಕೊಂಬೆಯು ನೀರಿನಲ್ಲಿ ಮಾಡುವ ಕೆಲಸವೇನೆಂಬುದನ್ನು ಅರಿಯಬೇಕು.

ಹೂಳೆತ್ತಿದ ಕೆರೆಯ ಅಂಗಳವು ತಟ್ಟೆಯಂತೆ ಸಮತಟ್ಟಾಗಿರುತ್ತದೆ. ಅಲ್ಲಿ ಮರೆಯಿಲ್ಲ. ಬಿತ್ತನೆಗೆಂದು ಬಿಟ್ಟ ಬೆರಳುದ್ದದ ಮರಿಗಳು ನೀರುಕಾಗೆಗೂ ಕೊರವ ಮೀನಿಗೂ ಸುಲಭವಾಗಿ ತುತ್ತಾಗುತ್ತವೆ. ನೀರುಕಾಗೆಯು ಮುಳುಗಿ ಈಜುತ್ತ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಹಕ್ಕಿ. ಒತ್ತಾದ ಕೊಂಬೆಗಳ ನಡುವೆ ಅದರ ವೇಗ ನಡೆಯದು. ಹೀಗೆ ಕೊಂಬೆಯ ಮೊದಲ ಪ್ರಯೋಜನ ಮರೆ. ಆದರೆ ಸಂದುಗಳ ಅಳತೆ ಇಲ್ಲಿ ಮುಖ್ಯ. ಸಂದು ಕಿರಿದಾದರೆ ಮರಿಗಳಿಗೆ ಮಾತ್ರ ಪ್ರವೇಶ. ಹಿರಿದಾದರೆ ಕೊರವವೂ ಒಳಹೊಕ್ಕು ಅಲ್ಲಿಯೇ ಹೊಂಚುಹಾಕುತ್ತದೆ. ಅಲ್ಲದೆ ಕೊಂಬೆಯ ತುದಿ ನೀರಿನಿಂದ ಮೇಲೆ ಚಾಚಿಕೊಂಡಿದ್ದರೆ ಅದೇ ನೀರುಕಾಗೆಗೆ ಕುಳಿತುಕೊಳ್ಳುವ ಪೀಠವಾಗುವುದು.

ಎರಡನೆಯ ಪ್ರಯೋಜನ ಆಹಾರ. ನೀರಿನಲ್ಲಿ ಮುಳುಗಿದ ಯಾವುದೇ ಗಟ್ಟಿ ವಸ್ತುವಿನ ಮೇಲೆ ಕೆಲವು ದಿನಗಳಲ್ಲಿ ಲೋಳೆಯಂಥ ಪದರವೊಂದು ಮೂಡುತ್ತದೆ. ಬ್ಯಾಕ್ಟೀರಿಯಾ, ಪಾಚಿ, ಏಕಾಣುಜೀವಿಗಳು, ಕೀಟಗಳ ಮರಿಹುಳುಗಳು ಇವೆಲ್ಲ ಸೇರಿ ಆದ ಈ ಪದರಕ್ಕೆ ಶಾಸ್ತ್ರಜ್ಞರು ಪೆರಿಫೈಟನ್ ಎನ್ನುವರು. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುವುದಕ್ಕಿಂತ ಹೀಗೆ ಒಂದೆಡೆ ದಟ್ಟವಾಗಿ ಬೆಳೆದುದನ್ನು ಮೇಯುವುದು ಹಲವು ಮೀನುಗಳಿಗೆ ಲಾಭಕರ. ಪದರದ ಪ್ರಮಾಣವು ಮರದ ತೂಕವನ್ನಲ್ಲ, ಮೈಯ ವಿಸ್ತಾರವನ್ನು ಅವಲಂಬಿಸಿದೆ. ಒಂದು ಮೀಟರ್ ಉದ್ದ, ೧೦ ಸೆಂಟಿಮೀಟರ್ ವ್ಯಾಸದ ದಿಮ್ಮಿಯ ಪಕ್ಕದ ಮೈ ಸುಮಾರು ೦.೩೧ ಚದರ ಮೀಟರ್. ಅಷ್ಟೇ ಮರವನ್ನು ಒಂದು ಸೆಂಟಿಮೀಟರ್ ವ್ಯಾಸದ ನೂರು ಕಡ್ಡಿಗಳಾಗಿ ಭಾವಿಸಿದರೆ ಅವುಗಳ ಒಟ್ಟು ಮೈ ೩.೧೪ ಚದರ ಮೀಟರ್, ಎಂದರೆ ಹತ್ತರಷ್ಟು. ಆದುದರಿಂದ ಆಹಾರದ ದೃಷ್ಟಿಯಿಂದ ದಿಮ್ಮಿಗಿಂತ ಸಣ್ಣ ರೆಂಬೆಗಳೇ ಮೇಲು.

ಈ ವಿಷಯದಲ್ಲಿ ನಮ್ಮ ನಾಡಿನಲ್ಲಿಯೇ ಗಣ್ಯವಾದ ಸಂಶೋಧನೆ ನಡೆದಿದೆ. ೧೯೬೯ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಕೆ. ಎಂ. ಶಂಕರ್ ಮತ್ತು ಅವರ ಸಹೋದ್ಯೋಗಿಗಳು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಅಂತರಗಂಗೆಯಂಥ ನೀರ್ಗಳೆ ಇವುಗಳನ್ನು ಕೊಳಗಳಲ್ಲಿಳಿಸಿ, ಅವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಪದರದಿಂದ ಗೆಂಡೆ ಜಾತಿಯ ಮೀನುಗಳ ಬೆಳವಣಿಗೆ ಹೆಚ್ಚುವುದೆಂದು ೧೯೯೯ರಲ್ಲಿ ಪ್ರಕಟಿಸಿದರು. ಅಲ್ಲಿಯೇ ಪಿ. ಕೇಶವನಾಥ್ ಮತ್ತು ಸಂಗಡಿಗರು ಬಿದಿರು ಮೊದಲಾದ ಆಧಾರಗಳನ್ನು ಪರೀಕ್ಷಿಸಿದರು. ಇವು ಅಳತೆಯಲ್ಲಿಟ್ಟ ಕೊಳಗಳ ಪ್ರಯೋಗಗಳು. ಕೊಳದಲ್ಲಿ ಬಿಟ್ಟ ಮೀನು ಇಂತಿಷ್ಟೆಂದು ಗೊತ್ತಿರುವುದರಿಂದ ಅಲ್ಲಿ ಕಂಡ ಹೆಚ್ಚಳವು ನಿಜವಾದ ಹೆಚ್ಚಳ. ಹೊರಗಿನಿಂದ ಬಂದು ಸೇರಿದ ಮೀನಿನ ಪ್ರಶ್ನೆ ಅಲ್ಲಿಲ್ಲ.

ಆದರೆ ಈ ಲಾಭ ಎಲ್ಲ ಮೀನಿಗೂ ಸಮವಲ್ಲ. ಪದರವನ್ನು ಮೇಯಬಲ್ಲ ರೋಹು, ಜಿಲೇಬಿ ಮೀನುಗಳಿಗೆ ಇದು ಹಿತ. ಮೇಲ್ನೀರಿನಲ್ಲಿ ತೇಲುವ ಜೀವಿಗಳನ್ನು ಸೋಸಿ ತಿನ್ನುವ ಕಾಟ್ಲಾಕ್ಕೆ ಅಷ್ಟಾಗಿ ಇಲ್ಲ. ಮರಿಮಾಡುವುದರಲ್ಲಿಯೂ ಇಂಥದೇ ಭೇದವುಂಟು. ಸಾಮಾನ್ಯ ಗೆಂಡೆಯ ಮೊಟ್ಟೆಗಳು ಅಂಟುವ ಸ್ವಭಾವದವು. ಅವಕ್ಕೆ ಜೊಂಡೋ ಕೊಂಬೆಯೋ ಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳಾದರೋ ನಿಂತ ನೀರಿನ ಕೆರೆಗಳಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದೇ ಇಲ್ಲ. ಅವುಗಳ ಮರಿಗಳನ್ನು ಹೊರಗಿನಿಂದ ತಂದು ಬಿಡಬೇಕು. ಎಷ್ಟು ಕೊಂಬೆ ಇಳಿಸಿದರೂ ಆ ಖರ್ಚು ತಪ್ಪದು.

ಇನ್ನು ದೋಷಗಳು. ಹಸಿ ಎಲೆಯೊಡನೆ ಕೊಂಬೆಯನ್ನು ನೀರಿಗೆ ಹಾಕಿದರೆ ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ವ್ಯಯವಾಗುತ್ತದೆ. ೨೫ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಲೀಟರ್ ನೀರಿನಲ್ಲಿ ಕರಗಿರಬಲ್ಲ ಆಮ್ಲಜನಕವೇ ಸುಮಾರು ೮ ಮಿಲಿಗ್ರಾಂ. ಬೇಸಗೆಯಲ್ಲಿ ಇನ್ನೂ ಕಡಿಮೆ. ಕೊರವ, ಚೇಳುಮೀನುಗಳು ಗಾಳಿಯನ್ನೇ ಉಸಿರಾಡಿ ಬದುಕಿಯಾವು. ಗೆಂಡೆಗಳು ಮುಂಜಾವದಲ್ಲಿ ಬಾಯ್ತೆರೆದು ಮೇಲೇಳುವುವು. ಜಾಲಿಯ ತೊಗಟೆಯಲ್ಲಿ ಚರ್ಮ ಹದಮಾಡಲು ಬಳಸುವ ಒಗರು ದ್ರವ್ಯವಿದೆಯೆಂಬುದನ್ನೂ ನೆನೆಯಬೇಕು. ಚಿಕ್ಕ ಕೊಳದಲ್ಲಿ ಅದು ಮೀನಿಗೆ ಹಿತಕರವಲ್ಲ. ಮೂರನೆಯದಾಗಿ, ತೇಲಿಬಂದ ರೆಂಬೆ ತೂಬಿಗೆ ಸಿಕ್ಕಿಕೊಂಡರೆ ಗದ್ದೆಯವನ ನೀರು ನಿಲ್ಲುವುದು. ಕೆರೆ ಮೀನಿನವನೊಬ್ಬನದೇ ಅಲ್ಲ.

ನಾಲ್ಕನೆಯ ಅಂಶ ಬಲೆಗೆ ಸಂಬಂಧಿಸಿದುದು. ಕೊಂಬೆಯಿದ್ದಲ್ಲಿ ಎಳೆಬಲೆ ನಡೆಯದು, ಬೀಸುಬಲೆ ಹರಿಯುವುದು. ಕಬಿನಿ ಜಲಾಶಯದ ಹಿನ್ನೀರಿನಲ್ಲಿ ನಿಂತ ಒಣಮರಗಳನ್ನು ನೋಡಿದವರಿಗೆ ಈ ಕಷ್ಟದ ಕಲ್ಪನೆ ಬಂದೀತು. ಆದರೆ ಇದೇ ದೋಷವು ಗುಣವೂ ಹೌದು. ರಾತ್ರಿ ಬಂದು ಕದ್ದು ಬಲೆಬೀಸುವವನಿಗೂ ಕೊಂಬೆಯೇ ಅಡ್ಡಿ. ಮೀನು ಸಾಕುವ ಅನೇಕರು ಮುಳ್ಳುಕೊಂಬೆಯನ್ನು ಕೊಳಕ್ಕೆ ಹಾಕುವುದು ಮುಖ್ಯವಾಗಿ ಈ ಕಾರಣದಿಂದಲೇ.

ಈಗ ಮೂಲಪ್ರಶ್ನೆಗೆ ಬರೋಣ. ಇಂದು ಬೆನಿನ್ ಎನಿಸಿಕೊಳ್ಳುವ, ೧೯೭೫ರವರೆಗೆ ದಹೋಮಿ ಎಂಬ ಹೆಸರಿದ್ದ ದೇಶದ ಕಡಲಂಚಿನ ಹಿನ್ನೀರುಗಳಲ್ಲಿ ರೆಂಬೆಗಳನ್ನು ಒತ್ತಾಗಿ ನೆಟ್ಟು, ಮೀನು ಸೇರಿ ಬೆಳೆಯಲು ಬಿಟ್ಟು, ಬಳಿಕ ಸುತ್ತ ಬಲೆಕಟ್ಟಿ ರೆಂಬೆಗಳನ್ನು ಕಿತ್ತು ಮೀನನ್ನೆಲ್ಲ ಹಿಡಿಯುವ ಪದ್ಧತಿಯಿದೆ. ಇದಕ್ಕೆ ಅಕಾಜ ಎಂದು ಹೆಸರು. ವೆಲ್ಕಮ್ ಎಂಬ ಶಾಸ್ತ್ರಜ್ಞನು ೧೯೭೨ರಲ್ಲಿ ಇದನ್ನು ವಿಮರ್ಶಿಸಿ ಬರೆದನು. ಬಂಗಾಳದ ‘ಕಾಠಾ’ ಪದ್ಧತಿಯೂ ಇದೇ ಬಗೆಯದು. ನೀರಿಳಿಯುವ ಕಾಲಕ್ಕೆ ಬಯಲಿನ ಮೀನೆಲ್ಲ ಕೊಂಬೆಯ ನೆರಳನ್ನು ಸೇರುವುದು, ಮೀನುಗಾರನು ಆ ಒಂದೆಡೆಯಲ್ಲಿ ಅವನ್ನೆಲ್ಲ ಬಾಚಿಕೊಳ್ಳುವನು. ಅಂದಿನ ಇಳುವರಿ ದೊಡ್ಡದೇ. ಆದರೆ ಮುಂದಿನ ಮಳೆಗಾಲಕ್ಕೆ ತಾಯಿಮೀನು ಉಳಿಯಬೇಕಷ್ಟೆ?

ನಮ್ಮ ಕರಾವಳಿಯಲ್ಲಿಯೇ ಇದಕ್ಕೆ ನಿದರ್ಶನವಿದೆ. ಈ ಶತಮಾನದ ಮೊದಲೆರಡು ದಶಕಗಳಲ್ಲಿ ಕರ್ನಾಟಕದ ಸಮುದ್ರದಲ್ಲಿ ತೆಂಗಿನ ಗರಿ ಮೊದಲಾದವನ್ನು ಭಾರ ಕಟ್ಟಿ ಇಳಿಸಿ ಕಪ್ಪೆಬೊಂಡಾಸವೆಂಬ ಪ್ರಾಣಿಯನ್ನು ಹಿಡಿಯುವ ರೂಢಿ ಹಬ್ಬಿತು. ಆ ಪ್ರಾಣಿ ಗರಿಯ ಬಳಿಗೆ ಬರುವುದು ಅದರ ಮೇಲೆ ಮೊಟ್ಟೆಯಿಡಲು. ಮೊಟ್ಟೆಯಿಡಲು ಬಂದುದನ್ನೇ ಗಾಳಹಾಕಿ ಹಿಡಿದಾಗ ಸಂತತಿಗೆ ಪೆಟ್ಟು ಬೀಳುವುದೆಂದು ಸಮುದ್ರಮೀನು ಶಾಸ್ತ್ರಜ್ಞರು ಎಚ್ಚರಿಸಿದರು. ಸ್ಥಳೀಯ ಮೀನುಗಾರರಿಗೂ ಹೊರಗಿನಿಂದ ಬಂದವರಿಗೂ ಇದೇ ವಿಷಯದಲ್ಲಿ ಜಗಳಗಳಾದುವು. ಅರಸೀಕೆರೆಯ ತೋಟಗಳಲ್ಲಿ ರಾಶಿಬೀಳುವ ಗರಿಯೂ ಅದೇ ಗರಿ. ಗರಿಯಲ್ಲಿ ದೋಷವಿಲ್ಲ, ದೋಷವಿರುವುದು ಅದರ ಬಳಿ ಕಾದು ಕುಳಿತ ಕೈಯಲ್ಲಿ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಬಂಗಾಳದಿಂದಲೇ ದೊರೆಯುತ್ತದೆ. ಬಾಂಗ್ಲಾದೇಶದ ಹೈಲ್ ಹಾವೋರ್ ಎಂಬ ಜೌಗುಪ್ರದೇಶದ ಬೈಕ್ಕಾ ಬಿಲ್ ಎಂಬ ಸುಮಾರು ೧೦೦ ಹೆಕ್ಟೇರ್ ಭಾಗವನ್ನು ೨೦೦೩ರಲ್ಲಿ ಶಾಶ್ವತ ಮತ್ಸ್ಯಧಾಮವೆಂದು ಮೀಸಲಿಟ್ಟರು. ಆ ದೇಶದ ಇಂಥ ಧಾಮಗಳಲ್ಲಿಯೂ ಕೊಂಬೆಗಳನ್ನು ಇಳಿಸುವುದುಂಟು. ಆದರೆ ಅವನ್ನು ಕಿತ್ತು ಮೀನು ಹಿಡಿಯುವುದಕ್ಕಲ್ಲ, ಯಾರೂ ಬಲೆಯೆಳೆಯದಿರಲಿ ಎಂದು. ಒಂದೇ ದೇಶ, ಒಂದೇ ಕೊಂಬೆ. ಒಂದೆಡೆ ಬಲೆಯ ಬಾಯಿ, ಇನ್ನೊಂದೆಡೆ ಕೋಟೆಯ ಬೇಲಿ. ಇವೆರಡರ ಅಂತರವಿರುವುದು ಮರದಲ್ಲಲ್ಲ, ಜನರು ಮಾಡಿಕೊಂಡ ಕಟ್ಟಳೆಯಲ್ಲಿ.

ಈ ವಿವೇಚನೆಯು ಹಾರನಹಳ್ಳಿಯ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಲೆನಾಡಿಗೆ ಹೋಲಿಸಿದರೆ ಅರಸೀಕೆರೆಯ ಕಡೆ ಮಳೆ ಕಡಿಮೆ. ಕೆರೆಯ ನೀರು ಬೇಸಗೆಯಲ್ಲಿ ಕುಗ್ಗಿ ಏರಿಯ ಬಳಿಯ ಆಳದ ಮಡುವಿಗೆ ಇಳಿಯುತ್ತದೆ. ಆಗ ನಾಡಮೀನುಗಳಾದ ಗೆಂಡೆ, ಕೊರವ, ಚೇಳುಮೀನುಗಳ ಉಳಿದ ಸಂತಾನವೆಲ್ಲ ಅಲ್ಲಿಯೇ. ಆ ಮಡುವಿಗೆ ಕೊಂಬೆಹಾಕಿ, ಮೀನು ಸೇರಿದ ಮೇಲೆ ಹಿಡಿದರೆ ಒಂದು ವರ್ಷದ ಗುತ್ತಿಗೆದಾರನಿಗೆ ಲಾಭ, ಕೆರೆಗೆ ನಷ್ಟ. ಅದೇ ಮಡುವಿನ ಒಂದು ಭಾಗವನ್ನು ಕೊಂಬೆಯಿಂದ ಮುಚ್ಚಿ ಹಿಡಿಯದೆ ಬಿಟ್ಟರೆ ಮುಂದಿನ ಮಳೆಗೆ ಅದೇ ಬಿತ್ತನೆ.

ಈ ತತ್ತ್ವವನ್ನೊಪ್ಪಿದ ಮೇಲೆ ವಿಧಾನವು ಕಠಿನವಲ್ಲ. ಜೀವಂತ ಮರವನ್ನು ಇದಕ್ಕಾಗಿ ಕಡಿಯತಕ್ಕದ್ದಲ್ಲ. ಬಳ್ಳಾರಿ ಜಾಲಿಯನ್ನು ಸವರಿದ ಕೊಂಬೆ, ತೋಟದ ಒಣಗರಿ ಸಾಕು. ಕೆರೆಯಂಗಳದಲ್ಲಿ ನಿಂತ ಮರಗಳಿಗೆ ಬೇರೆಯೇ ಬೆಲೆಯುಂಟು: ವಿಜಯನಗರ ಜಿಲ್ಲೆಯ ಅಂಕಸಮುದ್ರದ ಹಳೆಯ ಕೆರೆಯಲ್ಲಿ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ನೆಟ್ಟ ಕರಿಜಾಲಿಗಳು ನೀರಿನಲ್ಲಿ ನಿಂತು ಹಕ್ಕಿಗಳ ನೆಲೆಯಾದುವು, ೨೦೨೪ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಕೊಂಬೆಯನ್ನು ಎಲೆಯುದುರುವವರೆಗೆ ಒಣಗಿಸಿ, ಹೊರೆಕಟ್ಟಿ, ಕಲ್ಲು ಬಿಗಿದು, ಕೆರೆಯಂಗಳ ಬತ್ತಿರುವಾಗಲೇ ಇಡುವುದು ಸುಲಭ. ತೂಬಿನಿಂದಲೂ ಕೋಡಿಯಿಂದಲೂ ದೂರವಿರಬೇಕು. ಹೊರೆಯಿರುವ ಸ್ಥಳಕ್ಕೆ ಗೂಟದ ಗುರುತು ಬೇಕು. ಈಜುವವರಿಗೂ ದನಕರುಗಳಿಗೂ ಅದು ಅವಶ್ಯ. ಮರೆಯೇ ಉದ್ದೇಶವಾದರೆ ಹೊರೆ ಆಳದಲ್ಲಿರಲಿ. ಆಹಾರವೂ ಬೇಕಾದರೆ ಕೆಲವು ರೆಂಬೆಗಳನ್ನು ಬೆಳಕು ತಾಗುವ ಮೇಲ್ನೀರಿನಲ್ಲಿ ನೆಟ್ಟಗೆ ನಿಲ್ಲಿಸಬೇಕು, ಏಕೆಂದರೆ ಕದಡಿದ ನೀರಿನ ತಳದಲ್ಲಿ ಪಾಚಿ ಬೆಳೆಯದು. ಕೆರೆಯ ಉಳಿದ ಭಾಗವನ್ನು ಬಲೆಗೆ ತೆರವಾಗಿ ಬಿಡಬೇಕು.

ಹಿಡಿಯದೆ ಬಿಡುವ ಕಟ್ಟಳೆ ನಮ್ಮ ಜನಕ್ಕೆ ಅಪರಿಚಿತವಲ್ಲ. ಇದೇ ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮಡುವಿನ ಮೀನುಗಳಿಗೆ ಜನರ ನಂಬಿಕೆಯೇ ರಕ್ಷೆಯಾಗಿದೆ. ಅಲ್ಲಿ ಕೊಂಬೆಯ ಅವಶ್ಯಕತೆಯೇ ಬೀಳಲಿಲ್ಲ. ಕೆರೆಯನ್ನು ಊರ್ಜಿತದಲ್ಲಿಡಲು ಬಿತ್ತುವಟ್ಟ, ದಶವಂದ ಎಂಬ ಏರ್ಪಾಡುಗಳನ್ನು ಮಾಡಿ ಶಾಸನಗಳಲ್ಲಿ ಬರೆಯಿಸಿದ ನಾಡು ಇದು. ಏರಿಗೂ ತೂಬಿಗೂ ಕಟ್ಟಳೆ ಮಾಡಿದ ಊರು ಮಡುವಿನ ಮೂಲೆಯೊಂದಕ್ಕೂ ಮಾಡಬಹುದು. ಅದನ್ನು ಮಾಡಿದಲ್ಲಿ ಮುಳುಗಿಸಿದ ಮರವು ಮೀನಿಗೆ ಆಶ್ರಯ. ಮಾಡದಿದ್ದಲ್ಲಿ ಅದು ಇನ್ನೊಂದು ಬಗೆಯ ಬಲೆ ಮಾತ್ರ.